‘ಆಗಲ್ಲ ಮಿಸ್’

ನಮ್ಮ ಕಡೆ ‘ಆಗಲ್ಲ’ ಅನ್ನುವ ಒಂದೇ ಮಾತು ಎಷ್ಟು ಕೆಲಸ ಮಾಡುತ್ತದೆ ನೋಡಿ. ಹೋಂವರ್ಕ್ ಬರೆಯೋಕೆ ಆಗಲ್ಲ. ಅತ್ತೆಗೂ ಸೊಸೆಗೂ ಆಗಲ್ಲ. ಇವತ್ತು ಬರೋಕೆ ಆಗಲ್ಲ. ಬದನೆಕಾಯಿ ಅಂದ್ರೆ ನಂಗೆ ಆಗಲ್ಲ. ಮಾಡಲಾರೆ, ಇಷ್ಟವಿಲ್ಲ, ಹೊಂದಿಕೆಯಿಲ್ಲ, ತಿಂದರೆ ಮೈಗೆ ಕೆಡುಕು ಎಂಬ ನಾಲ್ಕೂ ಅರ್ಥಗಳನ್ನು ಅದು ಹೊತ್ತುಕೊಂಡು ಓಡಾಡುತ್ತದೆ. ಗಡಿಗೆ ಹತ್ತಿರವಾದಂತೆ, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮಕ್ಕಳು ಮನೆಯಲ್ಲಿ ತೆಲುಗಾಡಿಕೊಂಡು ಬಂದು ಶಾಲೆಯಲ್ಲಿ ಕನ್ನಡ ಓದುತ್ತಾರೆ. ಅವರ ಮನೆಮಾತಿನಲ್ಲಿ ಇದಕ್ಕೆ ‘ಪಡದು’ ಎನ್ನುತ್ತಾರೆ. ಅದೂ ಹಾಗೆಯೇ. ಇಬ್ಬರು ದಾಯಾದಿಗಳಿಗೂ ಪಡದು, ಮೊಟ್ಟೆಯೂ ಪಡದು.

ಊಟದ ಸಾಲಿನಲ್ಲಿ ಕೂತ ಮಗು ತಟ್ಟೆಗೆ ಕೈ ಅಡ್ಡ ಹಿಡಿದು ‘ಆಗಲ್ಲ ಮಿಸ್’ ಎಂದರೆ ಈ ನಾಲ್ಕರಲ್ಲಿ ಯಾವುದು? ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳಲ್ಲಿ ಪಾಠ ಮಾಡಿ, ಈಗ ಕೋಲಾರದ ಹತ್ತಿರದ ಒಂದು ಶಾಲೆಯಲ್ಲಿ ಇರುವ ನನಗೆ ಇದು ಭಾಷೆಯ ಕುತೂಹಲವಾಗಿ ಶುರುವಾದ ಪ್ರಶ್ನೆ. ನಂತರ ಅದು ಭಾಷೆಯದ್ದಾಗಿ ಉಳಿಯಲಿಲ್ಲ.

2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದಾಗ ನಾನು ಮಾಲೂರಿನ ಕಡೆ ಇದ್ದೆ. ಇಟ್ಟಿಗೆ ಗೂಡುಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೇ ತರಗತಿಯಲ್ಲಿ ಹೆಚ್ಚು. ಹಾಲಿನ ಪುಡಿ ಕದಡಿ ಕಾಯಿಸಿ ಲೋಟಕ್ಕೆ ಹಾಕಿದ ಮೊದಲ ವಾರ ಒಂದಷ್ಟು ಮಕ್ಕಳು ಹೊಟ್ಟೆ ಹಿಡಿದುಕೊಂಡರು. ಹಾಲಿನ ಜಿಲ್ಲೆ ಎಂದು ಹೆಸರಾದ ಕೋಲಾರದಲ್ಲಿ ಹಾಲು ಡೇರಿಗೆ ಹೋಗುತ್ತದೆ, ಮಕ್ಕಳ ಹೊಟ್ಟೆಗೆ ಹೋಗುವುದು ಕಮ್ಮಿ. ರೂಢಿ ತಪ್ಪಿದ ಹೊಟ್ಟೆಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಗುಡುಗುಡು, ಗ್ಯಾಸು, ಒಂದೆರಡು ಸಲ ಬೇಧಿ. ಆಮೇಲೆ ಸರಿಹೋಗುತ್ತದೆ. ಇದು ಅಜೀರ್ಣದ ‘ಆಗಲ್ಲ’. ಕೆನೆ ಕಂಡರೆ ಮುಖ ಸಿಂಡರಿಸುವ ಹುಡುಗನದು ಬೇಡದ ‘ಆಗಲ್ಲ’. ಇವೆರಡನ್ನೂ ಮೇಷ್ಟ್ರುಗಳು ಸುಲಭವಾಗಿ ಗುರುತಿಸುತ್ತಾರೆ, ಸ್ವಲ್ಪ ಗದರಿ ಸ್ವಲ್ಪ ಪುಸಲಾಯಿಸಿ ದಾಟಿಸುತ್ತಾರೆ. ಮೂರನೆಯದು ಒಂದಿದೆ. ಅಲ್ಲಿ ಗದರುವುದೂ ಪುಸಲಾಯಿಸುವುದೂ ಎರಡೂ ಅಪಾಯ.

ಮೈಗೆ ಒಗ್ಗದಿರುವುದು ನಮ್ಮ ಜನಕ್ಕೆ ಹೊಸದೇನಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ಕೀಳುವವರ ಕೈ, ಕತ್ತು, ತುಟಿಯ ಅಂಚು ಸೊನೆ ತಾಗಿ ಬೊಬ್ಬೆ ಎದ್ದಿರುತ್ತದೆ. ಒಬ್ಬರಿಗೆ ವರ್ಷವಿಡೀ ಕಿತ್ತರೂ ಏನೂ ಆಗುವುದಿಲ್ಲ, ಇನ್ನೊಬ್ಬರಿಗೆ ಒಂದು ತೊಟ್ಟು ಬಿದ್ದರೆ ಸಾಕು. ಮೈಮೇಲೆ ದಪ್ಪದಪ್ಪ ದದ್ದು ಎದ್ದರೆ ‘ಪಿತ್ತದ ಗಂಧೆ’ ಎಂದು ಕಂಬಳಿಯಿಂದ ಉಜ್ಜುತ್ತಾರೆ, ದೊಡ್ಡಪತ್ರೆ ರಸ ಹಚ್ಚುತ್ತಾರೆ. ತೆಲುಗಾಡುವ ಮನೆಗಳಲ್ಲಿ ಅದೇ ‘ದದ್ದುರ್ಲು’. ಆದರೆ ಈ ಅಜ್ಜಿಯಂದಿರ ಅನುಭವವೆಲ್ಲ ಚರ್ಮದ ಮೇಲಿನದು. ಅದೇ ದದ್ದು ಒಳಗೆ ಗಂಟಲಲ್ಲಿ ಎದ್ದರೆ, ರಕ್ತನಾಳಗಳು ಸಡಿಲಾಗಿ ನಾಡಿ ಕುಸಿದರೆ, ಅದಕ್ಕೆ ನಮ್ಮಲ್ಲಿ ಹೆಸರಿಲ್ಲ. ‘ಗಾಳಿ ಸೋಕಿತು’, ‘ಹೆದರ್ಕೊಂಡ್ಬಿಟ್ಟ’, ‘ಫಿಟ್ಸ್ ಬಂತು’ ಎಂಬ ಬೇರೆ ಹೆಸರುಗಳ ಲೆಕ್ಕಕ್ಕೆ ಅದು ಸೇರಿಹೋಗುತ್ತದೆ.

ವೈದ್ಯರಿಗೂ ಇದಕ್ಕೆ ಹೆಸರು ಸಿಕ್ಕಿ ಬಹಳ ಕಾಲವೇನೂ ಆಗಿಲ್ಲ. 1902ರಲ್ಲಿ ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಸ್ವಲ್ಪ ಸ್ವಲ್ಪ ಕೊಟ್ಟರೆ ಮೈ ಒಗ್ಗಿಕೊಳ್ಳುತ್ತದೆ ಎಂಬುದು ಅವರ ಎಣಿಕೆ. ಆದರೆ ಮೊದಲ ಸಲ ಚೇತರಿಸಿಕೊಂಡ ನಾಯಿ, ಕೆಲವು ವಾರಗಳ ನಂತರ ಎಷ್ಟೋ ಕಡಿಮೆ ವಿಷ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ಮೈ ಒಗ್ಗಿಕೊಳ್ಳುವ ಬದಲು ತಿರುಗಿಬಿದ್ದಿತ್ತು. ಅದಕ್ಕೆ ಅವರು ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟರು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದ ತಂದ. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಈಗ ‘ಅಲರ್ಜಿ’ ನಮ್ಮ ಹಳ್ಳಿಯ ಮೆಡಿಕಲ್ ಅಂಗಡಿಯವರೂ ಆಡುವ ಮಾತು. ಇನ್ನೊಂದು ಪದ ಮಾತ್ರ ಆಸ್ಪತ್ರೆಯ ಒಳಗೇ ಉಳಿದಿದೆ.

ನಾನು ಅದನ್ನು ಮೊದಲು ಕೇಳಿದ್ದು 2016ರ ಜೂನ್‌ನಲ್ಲಿ, ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಶಾಲೆ ಶುರುವಾಗಿ ಎರಡು ವಾರ, ಸುತ್ತ ಮಾವಿನ ಕುಯ್ಲು. ಆಟದ ಬಯಲಿನ ಆಚೆ ತೋಪು. ಮಧ್ಯಾಹ್ನದ ಬಿಡುವಿನಲ್ಲಿ ಮೂವರು ಹುಡುಗರು ಬೇಲಿ ದಾಟಿ ಹೋದವರು ಕಡಜದ ಗೂಡಿಗೆ ಕಲ್ಲು ತಾಗಿಸಿಕೊಂಡು ಕಿರುಚುತ್ತ ಓಡಿಬಂದರು. ಮೂವರಿಗೂ ಕಚ್ಚಿತ್ತು. ಇಬ್ಬರು ಜೋರಾಗಿ ಅಳುತ್ತಿದ್ದರು, ಕೆನ್ನೆ, ಕೈ ಊದಿತ್ತು. ಅಡುಗೆಯ ಅಕ್ಕ ಸುಣ್ಣ ತಂದು ಹಚ್ಚಿದರು. ಏಳನೇ ತರಗತಿಯ ಮೂರನೆಯವನು ಅಳುತ್ತಿರಲಿಲ್ಲ. ಕಿವಿಯ ಹಿಂದೆ ಒಂದೇ ಒಂದು ಕಚ್ಚಿದ ಗುರುತು. ‘ಅಂಗೈ ನವೆ ಮಿಸ್’ ಅಂದ. ಆಮೇಲೆ ಹೊಟ್ಟೆ ನೋವು ಅಂದ, ವಾಂತಿ ಮಾಡಿಕೊಂಡ. ಅಂಗಿ ಎತ್ತಿ ನೋಡಿದರೆ ಎದೆ, ಬೆನ್ನು ಎಲ್ಲ ಕೆಂಪು ದದ್ದು. ಐದು ನಿಮಿಷದಲ್ಲಿ ಅವನ ದನಿ ಒಡೆದಂತಾಗಿ, ತುಟಿ ದಪ್ಪಗಾಗಿ, ಮಲಗಿಬಿಡುತ್ತೇನೆ ಅನ್ನತೊಡಗಿದ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತ್ತು. ಹತ್ತಿ, ಡೆಟಾಲ್, ಬ್ಯಾಂಡೇಜು, ಜ್ವರದ ಮಾತ್ರೆ, ಓಆರ್‌ಎಸ್ ಪೊಟ್ಟಣ. ಜಾರಿಬಿದ್ದು ಮಂಡಿ ತರಚಿಕೊಂಡ ಮಗುವಿಗೆ ಬೇಕಾದ್ದೆಲ್ಲ ಅದರಲ್ಲಿತ್ತು. 108ಕ್ಕೆ ಫೋನ್ ಮಾಡಿದೆವು, ತಾಲ್ಲೂಕು ಕೇಂದ್ರದಿಂದ ಬರಬೇಕು ಅಂದರು. ಅಷ್ಟರಲ್ಲಿ ಮಾವಿನ ಕ್ರೇಟು ಇಳಿಸಿ ವಾಪಸಾಗುತ್ತಿದ್ದ ಟಾಟಾ ಏಸ್ ಒಂದನ್ನು ನಮ್ಮ ಸಹೋದ್ಯೋಗಿಯೊಬ್ಬರು ರಸ್ತೆಯಲ್ಲಿ ಅಡ್ಡಹಾಕಿದರು. ಹಿಂದೆ ಗೋಣಿಚೀಲ ಹಾಸಿ ಹುಡುಗನನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ. ಏಳು ಕಿಲೋಮೀಟರು ದೂರದ ಪ್ರಾಥಮಿಕ ಆರೋಗ್ಯ ಕೇಂದ್ರ. ದಾರಿಯುದ್ದಕ್ಕೂ ಅವನ ಉಸಿರಿನಲ್ಲಿ ಸೀಟಿಯ ಸದ್ದು.

ಡಾಕ್ಟರು ಇದ್ದರು. ಚಿಕ್ಕ ವಯಸ್ಸಿನವರು. ನೋಡಿದವರೇ ಏನೂ ಕೇಳದೆ ಪುಟ್ಟ ಗಾಜಿನ ಶೀಶೆಯೊಂದರ ಕತ್ತು ಮುರಿದು, ಸಿರಿಂಜಿಗೆ ಎಳೆದು, ತೊಡೆಯ ಹೊರಬದಿಗೆ ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಸೀಟಿಯ ಸದ್ದು ಇಳಿಯಿತು, ಮುಖಕ್ಕೆ ರಕ್ತ ಬಂತು. ‘ಅಮ್ಮ ಎಲ್ಲಿ?’ ಅಂದ. ಅಲ್ಲಿಯವರೆಗೂ ಅಮ್ಮನ ನೆನಪಾಗುವಷ್ಟು ಕೂಡ ಅವನಲ್ಲಿ ಶಕ್ತಿ ಇರಲಿಲ್ಲ.

ಅವನನ್ನು ದೊಡ್ಡಾಸ್ಪತ್ರೆಗೆ ಕಳಿಸಲು ಚೀಟಿ ಬರೆಯುತ್ತ ಡಾಕ್ಟರು ಹೇಳಿದ್ದು ನನಗೆ ಇವತ್ತಿಗೂ ಪಾಠದಂತೆ ನೆನಪಿದೆ. ‘ಇದು ಅನಾಫಿಲಾಕ್ಸಿಸ್ ಮೇಡಂ. ಚರ್ಮ ಒಂದೇ ಆದ್ರೆ ಅಲರ್ಜಿ ಮಾತ್ರೆ ಸಾಕು. ಚರ್ಮದ ಜೊತೆ ಉಸಿರಾಟ, ವಾಂತಿ, ತಲೆಸುತ್ತು ಸೇರ್ಕೊಂಡ್ರೆ ಮಾತ್ರೆ ಕೊಟ್ಟು ಕಾಯೋ ಹಾಗಿಲ್ಲ, ಅಡ್ರಿನಲಿನ್ ಕೊಡ್ಲೇಬೇಕು. ಒಂದೊಂದ್ಸಲ ಚರ್ಮದಲ್ಲಿ ಏನೂ ಕಾಣೋದೇ ಇಲ್ಲ. ಮಲಗಿಸ್ಕೊಂಡು ಬಂದಿದ್ದು ಒಳ್ಳೇದಾಯ್ತು. ಇಂಥ ಮಕ್ಕಳನ್ನ ನಡೆಸ್ಬಾರ್ದು, ಎಬ್ಬಿಸಿ ನಿಲ್ಲಿಸ್ಬಾರ್ದು, ಕಾಲು ಎತ್ತರದಲ್ಲಿಡ್ಬೇಕು. ಉಸಿರು ಕಟ್ತಾ ಇದ್ರೆ ಮಾತ್ರ ಒರಗಿಸಿ ಕೂರಿಸಿ.’ ಮತ್ತೆ ದೊಡ್ಡಾಸ್ಪತ್ರೆ ಯಾಕೆ ಎಂದು ಕೇಳಿದ್ದಕ್ಕೆ, ಇಳಿದದ್ದು ಕೆಲವು ಗಂಟೆಗಳ ನಂತರ ಮತ್ತೆ ಏರಬಹುದು, ಕಣ್ಣಳತೆಯಲ್ಲಿ ಇರಬೇಕು ಅಂದರು.

ಬಹಳ ದಿನಗಳ ನಂತರ ಓದಿಕೊಂಡದ್ದು: ಬ್ರಿಟನ್ನಿನ ಪಂಫ್ರಿ ಎಂಬ ವೈದ್ಯರು ಇಂಥ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದರು. ಹೃದಯ ಅಥವಾ ಉಸಿರು ನಿಲ್ಲುವುದಕ್ಕೆ ಹಿಡಿದ ಮಧ್ಯಮ ಅವಧಿ, ಆಹಾರದಿಂದ ಆದರೆ 30 ನಿಮಿಷ, ಹುಳ ಕಚ್ಚಿ ಆದರೆ 15 ನಿಮಿಷ, ಆಸ್ಪತ್ರೆಯಲ್ಲಿ ಕೊಟ್ಟ ಔಷಧಿಯಿಂದ ಆದರೆ 5 ನಿಮಿಷ. ಆ ಸಾಲನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ನಮ್ಮ ಟಾಟಾ ಏಸ್ ಆ ಏಳು ಕಿಲೋಮೀಟರು ದಾಟಲು ಹತ್ತು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡಿತ್ತು. ಗಾಡಿ ಸಿಕ್ಕಿದ್ದು, ಡಾಕ್ಟರು ಊಟಕ್ಕೆ ಹೋಗದಿದ್ದದ್ದು, ಶೀಶೆ ಮುಗಿಯದೆ ಇದ್ದದ್ದು ಎಲ್ಲ ಕೂಡಿಬಂದಿತ್ತು. ಕೂಡಿಬಂದದ್ದನ್ನು ದೇವರು ದೊಡ್ಡವನು ಅನ್ನಬಹುದು. ಸಿದ್ಧತೆ ಅನ್ನಲು ಬರುವುದಿಲ್ಲ.

ಅದೇ ಶೀಶೆಯನ್ನು ನಾನು ಮತ್ತೆ ನೋಡಿದ್ದು ನಮ್ಮ ಶಾಲೆಯ ಒಳಗೇ. 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು ಸೇರಿ ಐದು ಕಡೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದು ಚುಚ್ಚುಮದ್ದು. ವಾಟ್ಸ್ಆ್ಯಪ್‌ನಲ್ಲಿ ಬಂದ ಗಾಳಿಸುದ್ದಿ ನಂಬಿ ಆ ದಿನ ಮಕ್ಕಳನ್ನು ಮನೆಯಲ್ಲೇ ಕೂರಿಸಿಕೊಂಡ ತಂದೆತಾಯಿಯರ ಮನೆಬಾಗಿಲಿಗೆ ನಾವೇ ಅಲೆದೆವು. ಸಿಸ್ಟರ್ ಬಂದು ಮೇಜಿನ ಮೇಲೆ ಲಸಿಕೆಯ ಡಬ್ಬಿ ಇಟ್ಟು, ಅದರ ಪಕ್ಕ ಇನ್ನೊಂದು ಚಿಕ್ಕ ಪೆಟ್ಟಿಗೆ ತೆರೆದಿಟ್ಟರು. ಒಳಗೆ ಅಡ್ರಿನಲಿನ್ ಶೀಶೆ, ಸಿರಿಂಜು, ಹತ್ತಿ, ಯಾವ ವಯಸ್ಸಿಗೆ ಎಷ್ಟು ಎಂದು ಬರೆದ ಚೀಟಿ. ಚುಚ್ಚಿಸಿಕೊಂಡ ಮಕ್ಕಳನ್ನು ಹೊಂಗೆ ಮರದ ಕೆಳಗೆ ಅರ್ಧ ಗಂಟೆ ಕೂರಿಸಬೇಕು, ಯಾರನ್ನೂ ಓಡಲು ಬಿಡಬಾರದು ಎಂದು ತಾಕೀತು ಮಾಡಿದರು.

‘ಇದು ಯಾವಾಗಾದ್ರೂ ಬೇಕಾಗಿದೆಯಾ ಸಿಸ್ಟರ್?’ ಅಂತ ಕೇಳಿದೆ.

‘ನನ್ನ ಸರ್ವೀಸಲ್ಲಿ ಒಂದ್ಸಲಾನೂ ಬೇಕಾಗಿಲ್ಲ ಮೇಡಂ. ಆದ್ರೆ ಇದಿಲ್ದೆ ನಾನು ಒಂದು ಮಗೂಗೂ ಚುಚ್ಚಲ್ಲ. ರೂಲ್ಸು’ ಅಂದರು.

ಆ ದಿನ ನಮ್ಮ ಶಾಲೆ ಜಗತ್ತಿನ ಯಾವ ಶಾಲೆಗೂ ಕಮ್ಮಿಯಿರಲಿಲ್ಲ. ಔಷಧಿ ಇತ್ತು, ಅದನ್ನು ಕೊಡಲು ತರಬೇತಿ ಪಡೆದವರಿದ್ದರು, ಮಕ್ಕಳ ಮೇಲೆ ಕಣ್ಣಿಡಲು ಸಮಯ ನಿಗದಿಯಾಗಿತ್ತು, ಎಲ್ಲಿಗೆ ಫೋನ್ ಮಾಡಬೇಕೆಂದು ಗೋಡೆಯ ಮೇಲೆ ಅಂಟಿಸಿತ್ತು. ಸಂಜೆ ನಾಲ್ಕಕ್ಕೆ ಸಿಸ್ಟರ್ ಪೆಟ್ಟಿಗೆ ಮುಚ್ಚಿ ಸ್ಕೂಟಿಗೆ ಕಟ್ಟಿಕೊಂಡು ಹೊರಟರು. ಮರುದಿನದಿಂದ ಕಡಜವೂ ಇತ್ತು, ಮಕ್ಕಳೂ ಇದ್ದರು, ಪೆಟ್ಟಿಗೆ ಇರಲಿಲ್ಲ.

ಆಮೇಲೆ ಯೋಚಿಸುತ್ತ ಹೋದಂತೆ ನನಗೆ ಒಂದು ವಿಷಯ ಕಾಣತೊಡಗಿತು. ನಮ್ಮ ಶಾಲೆಗಳಲ್ಲಿ ಸಿದ್ಧತೆಯೇ ಇಲ್ಲ ಅನ್ನುವುದು ಸುಳ್ಳು. ಎಲ್ಲರಿಗೂ ಒಟ್ಟಿಗೆ ಆಗುವ ಕೆಡುಕಿಗೆ ಸಾಕಷ್ಟು ಸಿದ್ಧತೆ ಇದೆ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತ ಮೇಲೆ ನಿಯಮಗಳು ಬಿಗಿಯಾದವು. ಮಕ್ಕಳಿಗಿಂತ ಮೊದಲು ಶಿಕ್ಷಕರು ಊಟದ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತೇವೆ. ಸಾಂಬಾರಿನಲ್ಲಿ ಹಲ್ಲಿ ಬಿದ್ದಿತ್ತೆಂದರೆ ಇಡೀ ಶಾಲೆಯನ್ನು ಆಸ್ಪತ್ರೆಗೆ ಸಾಗಿಸುತ್ತೇವೆ. ಮೊಟ್ಟೆ ತಿನ್ನದ ಮಕ್ಕಳಿಗೆಂದು ಕೊಡುತ್ತಿದ್ದ ಕಡಲೆಬೀಜದ ಚಿಕ್ಕಿ 2025ರ ಆರಂಭದಲ್ಲಿ ನಿಂತದ್ದೂ ಗುಣಮಟ್ಟದ ದೂರಿನಿಂದ, ಅಂದರೆ ಎಲ್ಲ ಮಕ್ಕಳ ಆರೋಗ್ಯದ ಮಾತಿನಿಂದ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು 30 ಬಗೆಯ ತೊಂದರೆಗಳನ್ನು ಹುಡುಕುತ್ತದೆ. ಕಣ್ಣು, ಕಿವಿ, ಹಲ್ಲು, ಹೃದಯ, ಉಬ್ಬಸ ಎಲ್ಲ ಆ ಪಟ್ಟಿಯಲ್ಲಿವೆ. ಆಹಾರದ ಅಲರ್ಜಿ ಇಲ್ಲ.

ನಾನು ಸಾರಿನ ರುಚಿ ನೋಡಿ ಸಹಿ ಹಾಕಿದರೆ ಅದು ನನಗೆ ವಿಷವಲ್ಲ ಎಂದಷ್ಟೇ ಸಾಬೀತಾಗುತ್ತದೆ. ಮುನ್ನೂರು ಮಕ್ಕಳಲ್ಲಿ ಇನ್ನೂರತೊಂಬತ್ತೊಂಬತ್ತು ಮಂದಿಗೆ ಅಮೃತವಾಗಿದ್ದು ಒಬ್ಬರಿಗೆ ಮಾತ್ರ ವಿಷವಾಗುವ ವಸ್ತುವನ್ನು ರುಚಿ ನೋಡಿ ಹಿಡಿಯಲಾಗುವುದಿಲ್ಲ. ಅದು ಗೊತ್ತಿರುವುದು ಆ ಒಬ್ಬರಿಗೆ, ಅವರ ಮನೆಯವರಿಗೆ. ಅವರನ್ನು ಕೇಳಬೇಕು. ಕೇಳುವ ಜಾಗ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ.

2022ರಲ್ಲಿ ಮೊಟ್ಟೆ ನಮ್ಮ ಜಿಲ್ಲೆಯ ಶಾಲೆಗಳಿಗೂ ಬಂದಾಗ ನಾನು ಮುಳಬಾಗಿಲು ತಾಲ್ಲೂಕಿನಲ್ಲಿದ್ದೆ. ಮೊಟ್ಟೆ ಬೇಕಾದವರು ಯಾರು, ಬಾಳೆಹಣ್ಣೋ ಚಿಕ್ಕಿಯೋ ಬೇಕಾದವರು ಯಾರು ಎಂದು ಪಟ್ಟಿ ಮಾಡಬೇಕಿತ್ತು. ಒಂದು ದಿನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಹೊಲದಿಂದ ನೇರವಾಗಿ ಬಂದು ಬಾಗಿಲಲ್ಲಿ ನಿಂತು, ‘ಮಾ ಪಾಪಕಿ ಗುಡ್ಡು ಪಡದಮ್ಮಾ’ ಅಂದರು. ಏನಾಗುತ್ತೆ ಅಂತ ಕೇಳಿದೆ. ಮೂರು ವರ್ಷದವಳಿದ್ದಾಗ ತಿನ್ನಿಸಿದ್ದರಂತೆ. ಮುಖ ಊದಿ, ಉಸಿರು ಸಿಕ್ಕದೆ, ಮುಳಬಾಗಿಲಿನಿಂದ ಕೋಲಾರಕ್ಕೆ ರಾತ್ರಿ ಹೊತ್ತು ಬಾಡಿಗೆ ಕಾರಿನಲ್ಲಿ ಹೊತ್ತುಕೊಂಡು ಹೋಗಿದ್ದರಂತೆ. ಡಾಕ್ಟರು ಇನ್ನೆಂದೂ ಕೊಡಬೇಡಿ ಅಂದರಂತೆ. ಬರೆದುಕೊಟ್ಟ ಚೀಟಿ ಇದೆಯಾ ಅಂದರೆ, ಅದು ಮನೆ ಬದಲಾಯಿಸುವಾಗ ಎಲ್ಲೋ ಹೋಯಿತು ಅಂದರು.

ಅವಳ ಹೆಸರು ‘ಬಾಳೆಹಣ್ಣು’ ಎಂಬ ಸಾಲಿಗೆ ಸೇರಿತು. ತೊಡಕು ಶುರುವಾದದ್ದೇ ಅಲ್ಲಿ. ಆ ಸಾಲಿನಲ್ಲಿದ್ದವರೆಲ್ಲ ಮನೆಯಲ್ಲಿ ಮೊಟ್ಟೆ ತಿನ್ನದ ಜಾತಿಯವರು. ಇವಳ ಮನೆಯಲ್ಲಿ ಭಾನುವಾರ ಕೋಳಿ ಕುಯ್ಯುವುದು ಇಡೀ ತರಗತಿಗೆ ಗೊತ್ತು. ‘ನೀನ್ಯಾವಾಗಿಂದ ಐನೋರು ಆದೆ?’ ಎಂದು ಹುಡುಗರು ರೇಗಿಸಿದರು. ಆಗಾಗ ಬದಲಿ ಬರುವ ಶಿಕ್ಷಕರಿಗೆ ಆ ಪಟ್ಟಿಯಿಂದ ತಿಳಿಯುವುದು ಅವಳಿಗೆ ಮೊಟ್ಟೆ ಬೇಡ ಎಂದಷ್ಟೇ. ಬೇಡದ ಮಗುವಿಗೆ ‘ಒಂದು ತುಂಡು ತಿಂದು ನೋಡು, ಶಕ್ತಿ ಬರುತ್ತೆ’ ಎಂದು ಯಾವ ಮೇಷ್ಟ್ರಾದರೂ ಪ್ರೀತಿಯಿಂದ ಹೇಳಬಹುದು. ‘ಬೇಡ’ ಮತ್ತು ‘ಕೂಡದು’ ಎಂಬ ಎರಡು ಬೇರೆ ಮಾತುಗಳು ಒಂದೇ ಸಾಲಿನಲ್ಲಿ ಕೂತಿದ್ದವು.

ಊಟ ಬೇಡ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಚರಿತ್ರೆಯೂ ಇದೆ. ಹತ್ತು ವರ್ಷಗಳ ಹಿಂದೆ ಮುಳಬಾಗಿಲು ತಾಲ್ಲೂಕಿನ ಒಂದು ಶಾಲೆಯಲ್ಲಿ ದಲಿತ ಮಹಿಳೆ ಅಡುಗೆ ಮಾಡುತ್ತಾರೆ ಎಂಬ ಕಾರಣಕ್ಕೆ ಬಹುಪಾಲು ಮಕ್ಕಳು ಶಾಲೆಯನ್ನೇ ಬಿಟ್ಟದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಅಂಥ ನೆಲದಲ್ಲಿ ಪಾಠ ಮಾಡುವವರು ತಟ್ಟೆಗೆ ಕೈ ಅಡ್ಡ ಹಿಡಿದ ಮಗುವನ್ನು ಅನುಮಾನದಿಂದ ನೋಡಿದರೆ ಅದರಲ್ಲಿ ತಪ್ಪು ಹುಡುಕಲಾರೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯಿಂದ ಉಣ್ಣಬೇಕು ಎಂಬುದು ಬಿಸಿಯೂಟದ ಜೀವಾಳ. ಅದು ಬಿಡಬಾರದ ಮೌಲ್ಯ. ಅದನ್ನು ಕಾಯುತ್ತಲೇ, ಅದೇ ಸಾಲಿನಲ್ಲಿ ಕೂತವಳೊಬ್ಬಳ ಮೈ ಮಾತ್ರ ಬೇರೆ ಎಂಬುದನ್ನೂ ಒಪ್ಪಿಕೊಳ್ಳಬೇಕಲ್ಲ. ಅವಳು ಸಾಲಿನಿಂದ ಏಳಬೇಕಾಗಿಲ್ಲ. ಅವಳ ತಟ್ಟೆಯಲ್ಲಿ ಏನು ಬೀಳಬಾರದು ಎಂಬುದು ಬಡಿಸುವವರಿಗೆ ಗೊತ್ತಿದ್ದರೆ ಸಾಕು.

ಇಂಥ ಮಕ್ಕಳು ಎಷ್ಟಿದ್ದಾರೆ? ಹಾಂಗ್‌ಕಾಂಗ್, ಚೀನಾ, ರಷ್ಯಾ ಮತ್ತು ಭಾರತದ ಶಾಲಾ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಭಾರತದ ಪರವಾಗಿ ಅದರಲ್ಲಿದ್ದವರು ನಮ್ಮ ಕರ್ನಾಟಕದ ಮಕ್ಕಳೇ. ಆಹಾರದ ಅಲರ್ಜಿ ಇರುವ ಸಂಭವ ಹಾಂಗ್‌ಕಾಂಗಿನಲ್ಲಿ ಶೇ 1.5 ಇದ್ದರೆ ನಮ್ಮಲ್ಲಿ ಶೇ 0.14. ಬಹಳ ಕಡಿಮೆ, ಸಂತೋಷ. ಆದರೆ ಲಕ್ಷ ಮಕ್ಕಳಿಗೆ ನೂರನಲವತ್ತು ಎಂದು ಓದಿಕೊಂಡರೆ ಅದೇ ಅಂಕಿ ಬೇರೆಯಾಗಿ ಕಾಣುತ್ತದೆ. ಹುಳ ಕಚ್ಚಿ, ಔಷಧಿ ಒಗ್ಗದೆ ಆಗುವುದು ಈ ಲೆಕ್ಕದ ಹೊರಗಿನದು. ಕಡಿಮೆ ಇರುವುದರಿಂದಲೇ ಇನ್ನೊಂದು ತೊಂದರೆಯೂ ಇದೆ. ಹೆಚ್ಚಿನ ಶಿಕ್ಷಕರು ತಮ್ಮ ಇಡೀ ಸೇವೆಯಲ್ಲಿ ಒಂದನ್ನೂ ನೋಡಿರುವುದಿಲ್ಲ. ಒಮ್ಮೆ ನೋಡಿದಾಗ ಅದೇನೆಂದು ಗುರುತು ಹತ್ತುವುದಿಲ್ಲ.

ಸೌಲಭ್ಯ ಇದ್ದರೆ ಸಾಕು ಎಂದೂ ಹೇಳುವ ಹಾಗಿಲ್ಲ. 2012ರ ಡಿಸೆಂಬರ್‌ನಲ್ಲಿ ಜಪಾನಿನ ಟೋಕಿಯೊ ಪಕ್ಕದ ಚೋಫು ನಗರದಲ್ಲಿ ಐದನೇ ತರಗತಿಯ ಬಾಲಕಿಯೊಬ್ಬಳು ಶಾಲೆಯ ಊಟದಿಂದಲೇ ಸತ್ತಳು. ಅವಳಿಗೆ ಹಾಲಿನ ಪದಾರ್ಥ ಕೂಡದು ಎಂಬುದು ಶಾಲೆಗೆ ಗೊತ್ತಿತ್ತು. ಅಡುಗೆಯವರು ಅವಳಿಗೆಂದು ಚೀಸ್ ಹಾಕದ ತಿಂಡಿಯನ್ನು ಬೇರೆಯಾಗಿ ಮಾಡಿದ್ದರು. ಅವಳು ಅದನ್ನು ತಿಂದು ಮುಗಿಸಿ ಇನ್ನೊಂದು ಸಲ ಕೇಳಿದಳು. ಎರಡನೇ ಸಲ ಬಡಿಸಿದ್ದು ಎಲ್ಲರಿಗೂ ಮಾಡಿದ, ಚೀಸ್ ಇದ್ದ ತಿಂಡಿ. ಅಡ್ರಿನಲಿನ್ ತುಂಬಿದ ಎಪಿಪೆನ್ ಅವಳ ಚೀಲದಲ್ಲೇ ಇತ್ತು. ಅದನ್ನು ಚುಚ್ಚುವಷ್ಟರಲ್ಲಿ ಹೊತ್ತು ಮೀರಿತ್ತು. ಪಟ್ಟಿ, ಬೇರೆ ಅಡುಗೆ, ಔಷಧಿ ಮೂರೂ ಇದ್ದ ಶಾಲೆ ಅದು. ‘ಇನ್ನೊಂದು ಸೌಟು ಹಾಕಲಾ ಕಂದ?’ ಎಂದು ಕೇಳುವುದು ನಮ್ಮಲ್ಲೂ ಪ್ರೀತಿಯ ಗುರುತು. ಆ ಇನ್ನೊಂದು ಸೌಟಿನ ಬಗ್ಗೆ ಓದಿದ ಮೇಲೆ ನಾನು ಬಡಿಸುವವರ ಪಕ್ಕ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಬೇರೆ ದೇಶಗಳು ಕಾನೂನು ಮಾಡಿವೆ. ಕೆನಡಾದ ಒಂಟಾರಿಯೊದಲ್ಲಿ ಹದಿಮೂರು ವರ್ಷದ ಸಬ್ರಿನಾ ಶ್ಯಾನನ್ 2003ರಲ್ಲಿ ತೀರಿಕೊಂಡ ಮೇಲೆ ಅವಳ ಹೆಸರಿನಲ್ಲೇ ಬಂದ ಕಾನೂನು ಪ್ರತಿ ಶಾಲೆಗೂ ಒಂದು ಯೋಜನೆ ಇರಲೇಬೇಕು ಎಂದು ವಿಧಿಸಿತು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಶಾಲೆಗಳು ವೈದ್ಯರ ಚೀಟಿ ಇಲ್ಲದೆ ಅಡ್ರಿನಲಿನ್ ಪೆನ್ನು ಕೊಂಡಿಟ್ಟುಕೊಳ್ಳಬಹುದು. ನಮ್ಮಲ್ಲಿ ಪೊಟ್ಟಣದ ತಿಂಡಿಯ ಮೇಲೆ ಹಾಲು, ಮೊಟ್ಟೆ, ಕಡಲೆಬೀಜ, ಸೋಯಾ, ಮೀನು ಇದೆಯೆಂದು ಬರೆಯಬೇಕೆಂಬ ನಿಯಮ 2020ರದ್ದು. ಸ್ಟೀಲ್ ತಟ್ಟೆಯ ಮೇಲೆ ಏನೂ ಬರೆದಿರುವುದಿಲ್ಲ. ಇನ್ನು ಆ ಪೆನ್ನಿನ ಬೆಲೆಯನ್ನು ಯೋಚಿಸುವ ಸ್ಥಿತಿಯಲ್ಲಿ ನಮ್ಮ ಶಾಲೆಗಳಿಲ್ಲ. ನಮಗಿರುವುದು ಆ ಅಗ್ಗದ ಗಾಜಿನ ಶೀಶೆ, ಮತ್ತು ಅದನ್ನು ಒಡೆದು ಅಳೆದು ಚುಚ್ಚಬಲ್ಲ ಸಿಸ್ಟರ್. ನಾನು ಕೆಲಸ ಮಾಡಿದ ಯಾವ ಶಾಲೆಯಲ್ಲೂ ಶಿಕ್ಷಕರು ಸಿರಿಂಜು ಹಿಡಿಯುವ ವ್ಯವಸ್ಥೆ ಇರಲಿಲ್ಲ. ಹಾಗಾದರೆ ನಾವು ಮಾಡಬಹುದಾದದ್ದು ಏನೂ ಇಲ್ಲವೇ?

ಈಗಿರುವ ಶಾಲೆಯಲ್ಲಿ ಇದನ್ನು ಎಸ್‌ಡಿಎಂಸಿ ಸಭೆಯ ಮುಂದಿಟ್ಟೆ. ‘ನಮ್ಮ ಮಕ್ಳಿಗೆ ಅಂಥ ಸಿಟಿ ಕಾಯಿಲೆಯೆಲ್ಲ ಬರಲ್ಲ ಮೇಡಂ, ಕಲ್ಲು ತಿಂದು ಕರಗಿಸ್ಕೊಳ್ತವೆ’ ಎಂದರು ಒಬ್ಬರು. ಇನ್ನೊಬ್ಬರು, ಟೊಮೆಟೊ ಬೆಳೆಯುವ ರೈತರು, ತಮ್ಮ ತಮ್ಮನಿಗೆ ಪೆನ್ಸಿಲಿನ್ ಸೂಜಿಯಿಂದ ಹಿಂದೆ ಹೀಗೇ ಆಗಿತ್ತೆಂದು ಹೇಳಿದ ಮೇಲೆ ಸಭೆ ಸುಮ್ಮನಾಯಿತು. ಆ ದಿನ ತೀರ್ಮಾನವಾದದ್ದು ದೊಡ್ಡದೇನಲ್ಲ, ಖರ್ಚಿನದೂ ಅಲ್ಲ.

ಮೊಟ್ಟೆ-ಬಾಳೆಹಣ್ಣಿನ ಪಟ್ಟಿಯಲ್ಲಿ ಮೂರನೇ ಕಲಂ ಹಾಕಿದೆವು. ‘ಕೂಡದು’ ಎಂದು ಅದರ ಹೆಸರು. ಜೂನ್‌ನಲ್ಲಿ ದಾಖಲಾತಿಗೆ ಬರುವ ಪ್ರತಿಯೊಬ್ಬ ತಾಯಿಗೂ ಒಂದು ಪ್ರಶ್ನೆ: ಏನಾದರೂ ತಿಂದು, ಹುಳ ಕಚ್ಚಿ, ಸೂಜಿ ಹಾಕಿಸಿ ಯಾವತ್ತಾದರೂ ಮಗುವಿಗೆ ಮುಖ ಊದಿ ಉಸಿರು ಕಟ್ಟಿದ್ದುಂಟೇ? ‘ಅಲರ್ಜಿ ಇದೆಯಾ’ ಎಂದು ಕೇಳಿದರೆ ಧೂಳು, ನೆಗಡಿ ಎಂದು ಎಲ್ಲರೂ ಹೂಂ ಅನ್ನುತ್ತಾರೆ. ಹೀಗೆ ಕೇಳಿದರೆ ಸರಿಯಾದ ಉತ್ತರ ಬರುತ್ತದೆ. ಆ ಕಲಂನ ಹೆಸರುಗಳು ಅಡುಗೆಮನೆಯ ಬಾಗಿಲ ಒಳಬದಿಯಲ್ಲಿ ಇರುತ್ತವೆ. ಅಡುಗೆಯ ಅಕ್ಕಂದಿರಿಗೆ ಆ ಮಕ್ಕಳ ಮುಖ ಪರಿಚಯ ಇದೆ. 2024ರಿಂದ ರಾಗಿ ಮಾಲ್ಟನ್ನು ಹಾಲಿಗೆ ಬೆರೆಸಿ ಕೊಡುತ್ತಿದ್ದೇವೆ, ಅದೇ ವರ್ಷದ ಸೆಪ್ಟೆಂಬರ್‌ನಿಂದ ವಾರದ ಆರೂ ದಿನ ಮೊಟ್ಟೆ. ಒಳ್ಳೆಯದು ಹೆಚ್ಚಿದಂತೆ ಈ ಚೀಟಿಯ ಅಗತ್ಯವೂ ಹೆಚ್ಚಿದೆ.

ಎರಡನೆಯದು, ಐದು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಟಿಡಿ ಲಸಿಕೆ ಹಾಕಲು ವರ್ಷಕ್ಕೊಮ್ಮೆ ಸಿಸ್ಟರ್ ಬರುತ್ತಾರಲ್ಲ, ಆ ದಿನ ಮಕ್ಕಳು ಕಾಯುವ ಅರ್ಧ ಗಂಟೆಯನ್ನು ಶಿಕ್ಷಕರು ಮತ್ತು ಅಡುಗೆಯವರ ಪಾಠಕ್ಕೆ ಕೇಳಿಕೊಂಡೆವು. ಸಿಸ್ಟರ್ ಸಂತೋಷದಿಂದ ಒಪ್ಪಿದರು. ಹೇಗೆ ಗುರುತಿಸುವುದು, ಹೇಗೆ ಮಲಗಿಸುವುದು, ಮಾತ್ರೆ ಕೊಟ್ಟು ಯಾಕೆ ಕಾಯಬಾರದು ಎಂದು ಅವರೇ ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ, ಕಾಲಿನ ಕೆಳಗೆ ಎರಡು ಸ್ಕೂಲ್ ಬ್ಯಾಗ್ ಇಟ್ಟು ತೋರಿಸಿದರು. ಮೂರನೆಯದು, 108ರ ಜೊತೆಗೆ ಹತ್ತಿರದ ಆರೋಗ್ಯ ಕೇಂದ್ರದ ನಂಬರು, ಊರಿನಲ್ಲಿ ಹಗಲು ಹೊತ್ತು ಇರುವ ಮೂರು ಗಾಡಿಗಳವರ ನಂಬರು ಗೋಡೆಯ ಮೇಲೆ ಬಂದವು. ತಿಂಗಳಿಗೊಮ್ಮೆ ಆ ನಂಬರುಗಳಿಗೆ ಫೋನ್ ಮಾಡಿ ನೋಡುವ ಕೆಲಸ ಎಂಟನೇ ತರಗತಿಯ ಮಕ್ಕಳದು. ಒಂದು ನಂಬರು ಆಗಲೇ ಬದಲಾಗಿದ್ದನ್ನು ಪತ್ತೆ ಹಚ್ಚಿದ್ದೂ ಅವರೇ.

ಇದರಿಂದ ಎಲ್ಲ ಆಯಿತು ಎಂದು ನಾನು ನಂಬಿಲ್ಲ. ಶೀಶೆ ಇನ್ನೂ ಶಾಲೆಯ ಹೊರಗೇ ಇದೆ. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ಇರುವ ಶಾಲೆಗಳು ಈ ಮೂರು ತಾಲ್ಲೂಕುಗಳಲ್ಲಿ ಎಷ್ಟೋ ಇವೆ. ಲಸಿಕೆಯ ದಿನ ಒಂದು ದಿನದ ಮಟ್ಟಿಗೆ ಬರುವ ಆ ಚಿಕ್ಕ ಪೆಟ್ಟಿಗೆ ಶಾಲೆಗಳ ಗುಂಪಿಗೊಂದರಂತೆ ವರ್ಷವಿಡೀ ಹತ್ತಿರದಲ್ಲಿ ಉಳಿಯುವಂತೆ, ಅದನ್ನು ಬಳಸಲು ಯಾರಿಗಾದರೂ ಅಧಿಕಾರ, ತರಬೇತಿ ಎರಡೂ ಇರುವಂತೆ ಮಾಡುವುದು ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಒಟ್ಟಿಗೆ ಕೂತು ಮಾಡಬೇಕಾದ ಕೆಲಸ. ಆ ಮಾತನ್ನು ಸಂಬಂಧಪಟ್ಟವರಿಗೆ ಬರೆದು ಕಳಿಸಿದ್ದೇವೆ.

ಈ ವರ್ಷ ನಮ್ಮ ಮೂರನೇ ಕಲಂನಲ್ಲಿ ಎರಡು ಹೆಸರಿವೆ. ಒಬ್ಬನಿಗೆ ಕಡಲೆಬೀಜ ಕೂಡದು. ಇನ್ನೊಬ್ಬಳಿಗೆ ಪೆನ್ಸಿಲಿನ್. ಅವಳು ಹತ್ತನೇ ತರಗತಿ, ಮುಂದಿನ ವರ್ಷ ಕೋಲಾರದ ಕಾಲೇಜಿಗೆ ಹೋಗುತ್ತಾಳೆ. ನಮ್ಮ ಪಟ್ಟಿ ಅವಳ ಜೊತೆ ಹೋಗುವುದಿಲ್ಲ. ಟಿಸಿಯಲ್ಲಿ ಹುಟ್ಟಿದ ದಿನ, ಜಾತಿ, ನಡತೆ ಎಲ್ಲಕ್ಕೂ ಜಾಗ ಇದೆ, ಇದಕ್ಕಿಲ್ಲ. ಒಂದು ಬಿಳಿ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಹೆಡ್‌ಮಾಸ್ಟರ ಸಹಿ, ಸೀಲು ಹಾಕಿಸಿ ಟಿಸಿಗೆ ಪಿನ್ ಮಾಡಿ ಕೊಡುವುದು ಎಂದುಕೊಂಡಿದ್ದೇವೆ.